ಕಮ್ಮಿ ಖರ್ಚಲ್ಲಿ ವ್ಯಾನ್ ತಗೊಂಡು ನಮ್ಮ ಕರಾವಳಿ ಸುತ್ತೋದು ಹೇಗೆ: ತಲಪಾಡಿಯಿಂದ ಮಾಜಾಳಿವರೆಗೆ

ಕ್ಯಾಂಪರ್ ವ್ಯಾನ್ ಅಂದ ತಕ್ಷಣ ಜನ ಫ್ರಿಜ್ಜು, ಶವರ್ರು, ಟಿವಿ ಎಲ್ಲಾ ಇರೋ ದೊಡ್ಡ ಗಾಡಿ ನೆನೆಸ್ಕೊಂಡು ಅದೆಲ್ಲ ನಮ್ಮಂಥವರಿಗಲ್ಲ ಬಿಡಿ ಅಂತ ಸುಮ್ಮನಾಗ್ತಾರೆ. ನಮ್ಮ ಕರಾವಳಿಗೆ ಅಂಥ ಗಾಡಿ ಬೇಕಾಗೇ ಇಲ್ಲ. ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿವರೆಗೆ ಹೈವೇ 66ರಲ್ಲಿ ಹೆಚ್ಚು ಕಮ್ಮಿ 280 ಕಿಲೋಮೀಟರ್ ಅಷ್ಟೇ, ಅದರಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರಿಗೊಂದು ಪೇಟೆ, ಪೇಟೆಗೊಂದು ಬಸ್ ಸ್ಟ್ಯಾಂಡು, ಒಂದು ದೇವಸ್ಥಾನ, ನಾಲ್ಕು ಊಟದ ಹೋಟೆಲು, ಹಾಗಾಗಿ ಗಾಡಿ ಒಳಗೆ ಮಲಗೋಕೆ ಜಾಗ, ಒಂದು ಗಂಜಿ ಬೇಯಿಸೋಕೆ ಒಲೆ, ಎರಡು ಕ್ಯಾನ್ ನೀರು, ಒಂದು ಫ್ಯಾನು ಇದ್ರೆ ಸಾಕು. ಇಬ್ರು ಒಂದು ವಾರ ಆರಾಮಾಗಿ ಸುತ್ತಿ ಬರೋಕೆ ಏನೇನು ಬೇಕು, ಎಲ್ಲಿ ದುಡ್ಡು ಉಳಿಯುತ್ತೆ, ಎಲ್ಲಿ ಉಳಿಸೋಕೆ ಹೋಗಬಾರದು ಅಂತ ಕೆಳಗೆ ಬರ್ದಿದೀನಿ.

ಮೊದಲೇ ಒಂದು ಮಾತು. ಈ ತರ ಟ್ರಿಪ್ಪಲ್ಲಿ ಖರ್ಚು ಜಾಸ್ತಿ ಆಗೋದು ಊರು ದಿನಾ ಬದಲಾಯಿಸೋದ್ರಿಂದ. ಒಂದೊಂದು ಕಡೆ ಎರಡು ರಾತ್ರಿ ಕೂತ್ರೆ ಪೆಟ್ರೋಲ್ ಉಳಿಯುತ್ತೆ, ಎರಡನೇ ದಿನಕ್ಕೆ ಹೋಟೆಲಿನವರು, ಮೀನಿನವರು ಮುಖ ಗುರುತು ಹಿಡೀತಾರೆ, ನೀರು ಎಲ್ಲಿ ಸಿಗುತ್ತೆ, ಯಾವ ತೋಟದಲ್ಲಿ ನಿಲ್ಸಬಹುದು ಅಂತ ಅವರೇ ಹೇಳ್ತಾರೆ. ಏಳು ದಿನಕ್ಕೆ ನಾಲ್ಕು ಊರು ಸಾಕೇ ಸಾಕು.

ಯಾವಾಗ ಹೋಗೋದು

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ. ಮಾರ್ಚ್ ಆದ್ಮೇಲೆ ಗಾಡಿ ಒಳಗೆ ರಾತ್ರಿ ಮಲಗೋದು ಕಷ್ಟ, ಏಪ್ರಿಲ್ ಮೇ ಅಂತೂ ಎಸಿ ಇಲ್ದೆ ಬೇಡವೇ ಬೇಡ. ಡಿಸೆಂಬರ್ ಕೊನೆ ವಾರ ಮತ್ತೆ ಉದ್ದ ವೀಕೆಂಡು ಬಿಟ್ಬಿಡಿ, ಗೋಕರ್ಣ, ಮುರ್ಡೇಶ್ವರ, ಮಲ್ಪೆ ಮೂರೂ ಕಡೆ ಪಾರ್ಕಿಂಗೇ ಸಿಗಲ್ಲ, ಸಿಕ್ಕಿದ್ರೂ ರೇಟ್ ಮೇಲೆ. ಭಾನುವಾರ ಹೊರಟು ಶನಿವಾರ ಮನೆ ಸೇರೋ ಹಾಗೆ ಪ್ಲಾನ್ ಮಾಡಿ.

ಮಳೆಗಾಲದಲ್ಲಿ ಕರಾವಳಿ ಎಷ್ಟು ಚಂದ ಅಂತ ನಂಗೂ ಗೊತ್ತು, ಆದ್ರೆ ವ್ಯಾನಲ್ಲಿ ಮಲಗಿ ಸುತ್ತೋದಕ್ಕೆ ಅದು ಸಮಯ ಅಲ್ಲ. ಕಿಟಕಿ ತೆಗೆಯೋ ಹಾಗಿಲ್ಲ, ಬಟ್ಟೆ ಒಣಗಲ್ಲ, ಹಾಸಿಗೆ ಎರಡೇ ದಿನಕ್ಕೆ ಮುಗ್ಗಲು ವಾಸನೆ, ಬೀಚಲ್ಲಿ ನೀರಿಗೆ ಇಳಿಯೋಕೆ ಬಿಡಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಇರೋದ್ರಿಂದ ತಾಜಾ ಮೀನು ಕಮ್ಮಿ, ಸಿಕ್ಕಿದ್ರೂ ದುಬಾರಿ. ಅದಕ್ಕಿಂತ ಮುಖ್ಯ ಗುಡ್ಡ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಜರಿದಾಗ ಹೈವೇ ಪಕ್ಕದ ಟೀ ಅಂಗಡಿ, ಅಲ್ಲಿ ನಿಂತಿದ್ದ ಗಾಡಿ ಎಲ್ಲಾ ಗಂಗಾವಳಿ ಹೊಳೆಗೆ ಹೋಯ್ತು. ಹೊನ್ನಾವರದಿಂದ ಕಾರವಾರದವರೆಗೆ ಗುಡ್ಡ ಕಡಿದು ರಸ್ತೆ ಮಾಡಿರೋ ಜಾಗ ತುಂಬಾ ಇದೆ, ಮಳೆಯಲ್ಲಿ ಅಂಥ ಕಡೆ ಟೀ ಕುಡಿಯೋಕೂ ಗಾಡಿ ನಿಲ್ಸಬೇಡಿ.

ಗಾಡಿ ವಿಷಯ

ಸೆಕೆಂಡ್ ಹ್ಯಾಂಡ್ ಓಮ್ನಿ ಅಥವಾ ಈಕೋ, ಇವೆರಡರಲ್ಲಿ ಒಂದು. ಓಮ್ನಿ 2019ರಲ್ಲೇ ನಿಂತೋಯ್ತು, ಆದ್ರೆ ಕರಾವಳಿಯಲ್ಲಿ ಇನ್ನೂ ಎಲ್ಲಾ ಊರಲ್ಲೂ ಓಡ್ತಿದೆ, ಯಾವ ಸಣ್ಣ ಗ್ಯಾರೇಜಿಗೆ ಹೋದ್ರೂ ರಿಪೇರಿ ಗೊತ್ತಿರುತ್ತೆ, ಪಾರ್ಟ್ಸ್ ಸಿಗುತ್ತೆ. ಈಕೋ ಸ್ವಲ್ಪ ಉದ್ದ, ಇಂಜಿನ್ ದೊಡ್ದು, ಇಬ್ರಿಗೆ ಅದೇ ವಾಸಿ. ಎರಡಕ್ಕೂ ಎರಡೂ ಪಕ್ಕ ಜಾರೋ ಬಾಗಿಲಿದೆ, ಇದು ನಮ್ಮ ಸೆಕೆಗೆ ದೊಡ್ಡ ಅನುಕೂಲ. ಹಳೇ ಗಾಡಿ ತಗೊಳ್ಳೋವಾಗ ಇಂಜಿನ್ ನೋಡೋಕೆ ಮುಂಚೆ ಕೆಳಗೆ ಬಗ್ಗಿ ಫ್ಲೋರು, ಬಾಗಿಲಿನ ಕೆಳಗಿನ ಅಂಚು, ಸಸ್ಪೆನ್ಶನ್ ಕೂರೋ ಜಾಗ ನೋಡಿ, ಕರಾವಳಿಯಲ್ಲೇ ಓಡಿದ ಗಾಡಿ ಆದ್ರೆ ಉಪ್ಪು ಗಾಳಿಗೆ ಅಲ್ಲೆಲ್ಲ ತುಕ್ಕು ಹಿಡಿದಿರುತ್ತೆ. ಸ್ಕ್ರೂಡ್ರೈವರಲ್ಲಿ ಒತ್ತಿದ್ರೆ ಒಳಗೆ ಹೋಗುತ್ತಾ ಅಂತ ನೋಡಿದ್ರೆ ಗೊತ್ತಾಗುತ್ತೆ.

ಬಾಡಿಗೆಗೆ ತಗೊಳ್ಳೋದಾದ್ರೆ ಕಪ್ಪು ಬೋರ್ಡಿನ ಮೇಲೆ ಹಳದಿ ನಂಬರ್ ಇರೋ ಸೆಲ್ಫ್ ಡ್ರೈವ್ ಗಾಡಿನೇ ತಗೊಳ್ಳಿ. ಪರಿಚಯದವರ ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಓಡ್ಸೋದು ಕಾನೂನಿಗೆ ವಿರುದ್ಧ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸೂ ಕೈಗೆ ಬರಲ್ಲ.

ಈಗ ಮುಖ್ಯವಾದ್ದು. ಗಾಡಿಗೆ ಏನನ್ನೂ ಖಾಯಂ ಆಗಿ ವೆಲ್ಡಿಂಗ್ ಮಾಡಿ ಕೂರಿಸಬೇಡಿ, ಮೇಲ್ಛಾವಣಿ ಕತ್ತರಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಕ್ಕಾಗಿ ಹೇಳಿದೆ. ಅದಕ್ಕೆ ಎಲ್ಲಾ ಬಿಚ್ಚಿ ತೆಗೆಯೋ ಹಾಗೇ ಇರ್ಲಿ. 12 ಎಂಎಂ ಪ್ಲೈವುಡ್ಡಲ್ಲಿ ಎರಡು ಉದ್ದ ಪೆಟ್ಟಿಗೆ ಮಾಡ್ಸಿ, ಅದರ ಮೇಲೆ ಹಲಗೆ ಜೋಡ್ಸಿದ್ರೆ ಮಂಚ, ಕೆಳಗೆ ಸಾಮಾನು. ಊರಿನ ಬಡಗಿಗೆ ಒಂದೂವರೆ ದಿನದ ಕೆಲಸ. ಅಳತೆ ಮಾತ್ರ ನೀವೇ ಟೇಪ್ ಹಿಡಿದು, ಮುಂದಿನ ಸೀಟು ಪೂರ್ತಿ ಮುಂದೆ ತಳ್ಳಿ ತಗೊಳ್ಳಿ, ಮತ್ತೆ ಒಳಗೆ ಮಲಗಿ ನೋಡಿ, ಓಮ್ನಿಯಲ್ಲಿ ಎತ್ತರದವರು ಓರೆಯಾಗಿ ಮಲಗ್ಬೇಕಾಗುತ್ತೆ. ಹಾಸಿಗೆಗೆ ಫೋಮ್ ಬೇಡ, ಬೆವರು ಹೀರ್ಕೊಂಡು ವಾಸನೆ ಬರುತ್ತೆ, ತೆಳು ನಾರಿನ ಹಾಸಿಗೆ, ಅದರ ಮೇಲೊಂದು ಚಾಪೆ, ಕಾಟನ್ ಬೆಡ್‌ಶೀಟು. ಚಾಪೆ ಮೇಲೆ ಮಲಗಿದ್ರೆ ಬೆನ್ನು ತಂಪಾಗಿರುತ್ತೆ.

ಸೆಕೆ ಮತ್ತೆ ಗಾಳಿ

ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಎಷ್ಟೋ ಜನ ವಾರದ ಟ್ರಿಪ್ಪು ಅಂತ ಹೊರಟು ಮೊದಲನೇ ರಾತ್ರಿನೇ ನಿದ್ದೆ ಇಲ್ದೆ ಲಾಡ್ಜ್ ಹುಡುಕ್ಕೊಂಡು ಹೋಗೋದು ಇದೇ ಕಾರಣಕ್ಕೆ. ಕರಾವಳಿಯಲ್ಲಿ ಟೆಂಪರೇಚರಿಗಿಂತ ಗಾಳಿಯಲ್ಲಿರೋ ತೇವ ಜಾಸ್ತಿ ಕಾಡೋದು. ಬೆವರು ಆರಲ್ಲ. ಬೆವರು ಆರ್ಬೇಕು ಅಂದ್ರೆ ಮೈಮೇಲೆ ಗಾಳಿ ಆಡ್ತಾ ಇರ್ಬೇಕು, ಅಷ್ಟೇ ಸೂತ್ರ.

ಮಧ್ಯಾಹ್ನದ ಹೊತ್ತಿಗೆ ಭೂಮಿ ಬಿಸಿಯಾಗಿ ಗಾಳಿ ಕಡಲಿಂದ ದಡಕ್ಕೆ ಬೀಸುತ್ತೆ, ರಾತ್ರಿ ಭೂಮಿ ಬೇಗ ತಣ್ಣಗಾಗೋದ್ರಿಂದ ಅದು ತಿರುಗಿ ಘಟ್ಟದ ಕಡೆಯಿಂದ ಕಡಲಿನ ಕಡೆಗೆ ಬೀಸೋಕೆ ಶುರು. ಎಲ್ಲರೂ ಬೀಚಿಗೆ ಮುಖ ಮಾಡಿ, ಕಡಲಿನ ಕಡೆ ಬಾಗಿಲು ತೆಗೆದು ಮಲಗ್ತಾರೆ, ಆದ್ರೆ ಚಳಿಗಾಲದ ನಡುರಾತ್ರಿ ಗಾಳಿ ಬರೋದು ಹಿಂದಿನಿಂದ, ಪೂರ್ವದಿಂದ. ಅದಕ್ಕೆ ಗಾಡಿ ಮೂತಿ ಉತ್ತರಕ್ಕೋ ದಕ್ಷಿಣಕ್ಕೋ ಇರೋ ಹಾಗೆ ನಿಲ್ಸಿ, ಎರಡೂ ಪಕ್ಕದ ಬಾಗಿಲು ಪೂರ್ವ ಪಶ್ಚಿಮಕ್ಕೆ ಬರುತ್ತೆ, ಗಾಳಿ ಆ ಕಡೆಯಿಂದ ಬಂದ್ರೂ ಈ ಕಡೆಯಿಂದ ಬಂದ್ರೂ ಆರಪಾರ ಹೋಗುತ್ತೆ. ಪೂರ್ವದ ಕಡೆ ಗೋಡೆ, ಮನೆ ಅಡ್ಡ ಇದ್ರೆ ರಾತ್ರಿ ಗಾಳಿ ತಪ್ಪುತ್ತೆ, ಆದ್ರೆ ಸ್ವಲ್ಪ ದೂರದಲ್ಲಿ ಎತ್ತರದ ಮರ ಇದ್ರೆ ಒಳ್ಳೇದು, ಬೆಳಗ್ಗೆ ಬಿಸಿಲು ಬೇಗ ಬೀಳಲ್ಲ, ಏಳು ಗಂಟೆಗೇ ಎಬ್ಬಿಸಲ್ಲ.

ಈ ಎರಡು ಗಾಳಿಗಳ ಮಧ್ಯೆ, ಸೂರ್ಯ ಮುಳುಗಿ ಒಂದೆರಡು ಗಂಟೆ, ಗಾಳಿ ಸತ್ತೇ ಹೋಗಿರುತ್ತೆ. ಸೊಳ್ಳೆ ಬರೋದೂ ಅದೇ ಹೊತ್ತಿಗೆ. ಆಗ ಗಾಡಿ ಒಳಗೆ ಕೂರ್ಬೇಡಿ, ಬಾಗಿಲು ಹಾಕಿ ಊಟಕ್ಕೆ, ವಾಕಿಂಗಿಗೆ ಹೋಗ್ಬಿಡಿ, ಹತ್ತು ಗಂಟೆ ಹೊತ್ತಿಗೆ ಬಂದು ಮಲಗಿ.

ಕಿಟಕಿ ಬಾಗಿಲಿಗೆ ಸೊಳ್ಳೆ ಪರದೆ ಅತ್ಯಗತ್ಯ. ಟೈಲರ್ ಹತ್ರ ಪರದೆ ಬಟ್ಟೆ ಕೊಟ್ಟು ಅಂಚಿಗೆ ಸಣ್ಣ ಮ್ಯಾಗ್ನೆಟ್ ಹೊಲಿಸಿದ್ರೆ ಗಾಡಿ ಲೋಹಕ್ಕೆ ಹಾಗೇ ಅಂಟ್ಕೊಳ್ಳುತ್ತೆ. ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಬಬಲ್ ಶೀಟು, ಹಗಲು ಬಿಸಿಲಿಗೂ ಆಯ್ತು, ರಾತ್ರಿ ಮರೆಗೂ ಆಯ್ತು.

ಫ್ಯಾನಿಗೆ 12 ವೋಲ್ಟಿನ ಸಣ್ಣ ಬಿಎಲ್‌ಡಿಸಿ ಫ್ಯಾನು ತಗೊಳ್ಳಿ, ಹದಿನೈದು ಇಪ್ಪತ್ತು ವ್ಯಾಟ್ ಅಷ್ಟೇ ತಿನ್ನೋದು. ಲೆಕ್ಕ ಸುಲಭ. 20 ವ್ಯಾಟ್ ಫ್ಯಾನು ಎಂಟು ಗಂಟೆ ಓಡಿದ್ರೆ 160 ವ್ಯಾಟ್-ಅವರ್, ಲೈಟು ಮೊಬೈಲು ಸೇರಿ 220 ಅಂತ ಇಟ್ಕೊಳ್ಳಿ. 12 ವೋಲ್ಟಿನ 40 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 500 ವ್ಯಾಟ್-ಅವರಿಗೂ ಸ್ವಲ್ಪ ಜಾಸ್ತಿ ಇರುತ್ತೆ, ಅಂದ್ರೆ ಎರಡು ರಾತ್ರಿ ನಿಶ್ಚಿಂತೆ. 100 ಎಎಚ್ ತಗೊಳ್ಳಿ ಅಂತ ಅಂಗಡಿಯವರು ಹೇಳ್ತಾರೆ, ಫ್ರಿಜ್ ಇಲ್ದೆ ಅದರ ಅಗತ್ಯ ಇಲ್ಲ. ಚಾರ್ಜ್ ಮಾಡೋಕೆ 100 ವ್ಯಾಟಿನ ಸೋಲಾರ್ ಪ್ಯಾನೆಲ್, ಅದನ್ನ ಗಾಡಿ ಮೇಲೆ ಫಿಕ್ಸ್ ಮಾಡ್ಬೇಡಿ, ಗಾಡಿ ನೆರಳಲ್ಲಿ ಇರ್ಬೇಕು, ಪ್ಯಾನೆಲ್ ಬಿಸಿಲಲ್ಲಿ ಇರ್ಬೇಕು, ಹಾಗಾಗಿ ಐದಾರು ಮೀಟರ್ ವೈರ್ ಇಟ್ಟು ಹೊರಗೆ ಇಡೋ ಹಾಗೆ ಮಾಡ್ಕೊಳ್ಳಿ. ಗಾಡಿಯ ಸ್ವಂತ ಬ್ಯಾಟರಿಯಿಂದ ಮಾತ್ರ ರಾತ್ರಿ ಫ್ಯಾನ್ ಓಡಿಸಬೇಡಿ, ಬೆಳಗ್ಗೆ ಸ್ಟಾರ್ಟ್ ಆಗಲ್ಲ.

ಇಂಜಿನ್ ಆನ್ ಇಟ್ಟು ಎಸಿ ಹಾಕಿ ಮಲಗೋದು, ಗಾಡಿ ಒಳಗೆ ಒಲೆ ಅಥವಾ ಕೆಂಡ ಇಟ್ಟು ಬಾಗಿಲು ಹಾಕೋದು, ಈ ಎರಡನ್ನೂ ಯಾವತ್ತೂ ಮಾಡ್ಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರ ಆಗೋದೇ ಇಲ್ಲ.

ರಾತ್ರಿ ಎಲ್ಲಿ ನಿಲ್ಸೋದು

ಹೊರದೇಶದ ತರ ವ್ಯಾನಿಗೆ ಅಂತಲೇ ಮಾಡಿರೋ ಪಾರ್ಕು ನಮ್ಮ ಕಡೆ ಊರೂರಿಗೆ ಇಲ್ಲ. ಬೀಚ್ ಪಕ್ಕದಲ್ಲೇ ಮಲಗೋ ಆಸೆ ಎಲ್ಲರಿಗೂ ಇರುತ್ತೆ, ಆದ್ರೆ ಸುಮಾರು ಬೀಚಲ್ಲಿ ಕತ್ತಲಾದ್ಮೇಲೆ ಇರೋಕೆ ಬಿಡಲ್ಲ, ಪೊಲೀಸ್ ಬೀಟ್ ಬರುತ್ತೆ, ಬಿಟ್ರೂ ಕುಡಿಯೋಕೆ ಬರೋರ ಕಾಟ. ಕಡಲು ನೋಡೋದು ಹಗಲು, ಮಲಗೋದು ಒಂದು ಕಿಲೋಮೀಟರ್ ಒಳಗೆ, ಹೀಗೆ ಇಟ್ಕೊಂಡ್ರೆ ನೆಮ್ಮದಿ.

ಎಲ್ಲಕ್ಕಿಂತ ಒಳ್ಳೇದು ಹೋಮ್‌ಸ್ಟೇ ಅಂಗಳ. ರೂಮ್ ಬೇಡ, ಗಾಡಿ ನಿಲ್ಸೋಕೆ ಜಾಗ, ಬಾತ್‌ರೂಮ್ ಬಳಸೋಕೆ ಅವಕಾಶ ಕೊಟ್ರೆ ಸಾಕು, ಎಷ್ಟು ಕೊಡ್ಬೇಕು ಅಂತ ಕೇಳಿ. ವಾರದ ಮಧ್ಯೆ ರೂಮು ಖಾಲಿ ಇರೋ ದಿನ ಸುಮಾರು ಜನ ಒಪ್ತಾರೆ, ಬೆಳಗ್ಗೆ ತಿಂಡಿ ಅವರಲ್ಲೇ ತಿಂತೀವಿ ಅಂದ್ರೆ ಇನ್ನೂ ಸುಲಭ. ಎರಡನೇದು ದೇವಸ್ಥಾನದ ಪಾರ್ಕಿಂಗು. ಯಾತ್ರಿ ನಿವಾಸ ಇರೋ ದೊಡ್ಡ ದೇವಸ್ಥಾನಗಳಲ್ಲಿ ರಾತ್ರಿ ಬಸ್ಸು, ಟಿಟಿ ನಿಂತಿರುತ್ತೆ, ಅವುಗಳ ಜೊತೆ ನಿಮ್ದೂ ಒಂದು, ಆಫೀಸಲ್ಲಿ ಹೇಳಿ ನಿಲ್ಸಿ. ಮೂರನೇದು ಹೈವೇ ಪಕ್ಕದ ದೊಡ್ಡ ಪೆಟ್ರೋಲ್ ಬಂಕು. ಅಲ್ಲೇ ಪೆಟ್ರೋಲ್ ಹಾಕ್ಸಿ, ಮ್ಯಾನೇಜರ್ ಹತ್ರ ಕೇಳಿ, ಲೈಟ್ ಇರೋ ಮೂಲೆಯಲ್ಲಿ ನಿಲ್ಸಿ. ಲಾರಿ ಸದ್ದು ಇರುತ್ತೆ ಆದ್ರೆ ಸೇಫು. ಮೀನು ಬಂದರಿನ ಹತ್ರ ಮಾತ್ರ ಮಲಗೋಕೆ ಹೋಗ್ಬೇಡಿ, ಬೆಳಗಿನ ಜಾವಕ್ಕೇ ಬೋಟು, ಐಸ್ ಲಾರಿ, ಹರಾಜಿನ ಗಲಾಟೆ ಶುರುವಾಗುತ್ತೆ, ಅವರ ಕೆಲಸಕ್ಕೂ ಅಡ್ಡ.

ಎಲ್ಲೇ ಆಗ್ಲಿ ಐದು ಗಂಟೆ ಒಳಗೆ ತಲುಪಿ, ಬೆಳಕಲ್ಲಿ ಜಾಗ ನೋಡಿ, ಪಕ್ಕದ ಅಂಗಡಿಯವರ ಹತ್ರ ಮಾತಾಡಿ. "ಅಣ್ಣಾ, ಇವತ್ತು ರಾತ್ರಿ ಇಲ್ಲಿ ಗಾಡಿ ನಿಲ್ಸಿ ಮಲ್ಕೊಂಡ್ರೆ ಯಾರಿಗಾದ್ರೂ ತೊಂದ್ರೆ ಉಂಟಾ?" ಅಂತ ನೇರವಾಗಿ ಕೇಳಿದ್ರೆ ಬೇಡ ಅನ್ನೋರೂ ಬೇರೆ ಜಾಗ ತೋರಿಸ್ತಾರೆ. ಕತ್ತಲಲ್ಲಿ ಬಂದು ಯಾರಿಗೂ ಹೇಳ್ದೆ ಪರದೆ ಎಳ್ಕೊಂಡು ಮಲಗಿದ ಗಾಡಿ ನೋಡಿದ್ರೆ ಮೀನುಗಾರರ ಊರಲ್ಲಿ ಅನುಮಾನ ಬರೋದು ಸಹಜ, ಕರಾವಳಿ ಕಾವಲು ಅವರ ಜವಾಬ್ದಾರಿ ಕೂಡ. ಆಧಾರ್, ಆರ್‌ಸಿ, ಡಿಎಲ್ ಕೈಗೆ ಸಿಗೋ ಹಾಗಿರ್ಲಿ. ಕಾರವಾರದ ಹತ್ರ ಅರ್ಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಗಾಡಿ ನಿಲ್ಸೋದು, ಫೋಟೋ ತೆಗೆಯೋದು, ಡ್ರೋನ್ ಹಾರ್ಸೋದು ಯಾವುದೂ ಬೇಡ.

ತೆಂಗಿನ ಮರದ ಕೆಳಗೆ ಗಾಡಿ ನಿಲ್ಸಬೇಡಿ. ಫೋಟೋಕ್ಕೆ ಚಂದ, ಆದ್ರೆ ರಾತ್ರಿ ಒಂದು ಕಾಯಿ ಬಿದ್ರೆ ಗಾಜು ಹೋಯ್ತು, ತಲೆ ಮೇಲೆ ಬಿದ್ರೆ ಮನುಷ್ಯನೇ ಹೋಗ್ತಾನೆ. ಮರಳಿನ ಮೇಲೂ ಗಾಡಿ ಇಳಿಸಬೇಡಿ. ಗಟ್ಟಿ ಇದೆ ಅನ್ಸುತ್ತೆ, ಆದ್ರೆ ದಿನಕ್ಕೆ ಎರಡು ಸಲ ಭರತ, ಅಂದ್ರೆ ಉಬ್ಬರ, ಬರುತ್ತೆ, ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ನೀರು ಇನ್ನೂ ಮೇಲೆ ಹತ್ತುತ್ತೆ, ಹೂತ ಗಾಡಿ ತೆಗ್ಸೋಕೆ ಜೆಸಿಬಿ ಕರೆಸಿದ್ರೆ ವಾರದ ಬಜೆಟ್ಟು ಅಲ್ಲೇ ಮುಗೀತು.

ನೀರು, ಸ್ನಾನ, ಟಾಯ್ಲೆಟ್

20 ಲೀಟರಿನ ಎರಡು ಕ್ಯಾನು, ಒಂದು ಕುಡಿಯೋಕೆ, ಒಂದು ತೊಳೆಯೋಕೆ. ಸ್ನಾನ ಬಿಟ್ಟು ಇಬ್ರಿಗೆ ಒಂದೂವರೆ ದಿನ ಬರುತ್ತೆ. ಪೆಟ್ರೋಲ್ ಬಂಕಲ್ಲಿ ಕುಡಿಯೋ ನೀರು, ಟಾಯ್ಲೆಟ್, ಟೈರಿಗೆ ಗಾಳಿ ಫ್ರೀ ಕೊಡ್ಲೇಬೇಕು ಅಂತ ನಿಯಮ ಇದೆ, ಹಿಂಜರೀಬೇಡಿ, ಕೇಳಿ. ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಲ್ಲಿ ಟಾಯ್ಲೆಟಿಗೆ ಚಿಲ್ಲರೆ ಕೊಟ್ರೆ ಆಯ್ತು. ಪಡುಬಿದ್ರಿ ಮತ್ತೆ ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ತು, ಎರಡೂ ಕಡೆ ಎಂಟ್ರಿ ಫೀ ತಗೊಳ್ತಾರೆ ಆದ್ರೆ ಟಾಯ್ಲೆಟ್ಟು, ಸ್ನಾನಕ್ಕೆ ಶವರ್, ಬಟ್ಟೆ ಬದಲಾಯಿಸೋ ರೂಮ್ ಇದೆ, ಕಡಲಲ್ಲಿ ಆಡಿ ಅಲ್ಲೇ ಸ್ನಾನ ಮುಗಿಸಿ ಬರೋದು ಲಾಭ. ಮೂರು ದಿನಕ್ಕೊಂದು ಸಲ ಒಂದು ಸಾಧಾರಣ ಲಾಡ್ಜೋ ಯಾತ್ರಿ ನಿವಾಸನೋ ಮಾಡಿ, ಬಟ್ಟೆ ಒಗೆದು, ಬ್ಯಾಟರಿ ಚಾರ್ಜ್ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಅಲ್ಲಿ ಜಿಪುಣತನ ಬೇಡ, ನಿದ್ದೆಗೆಟ್ಟು ಹೈವೇಲಿ ಗಾಡಿ ಓಡ್ಸೋದಕ್ಕಿಂತ ಅದೇ ಮೇಲು.

ಸೋಪಿನ ನೀರು ಹೊಳೆಗೆ, ಬಾವಿ ಹತ್ರ ಚೆಲ್ಲಬೇಡಿ. ಕರಾವಳಿಯಲ್ಲಿ ಬಾವಿ ನೀರು ಮೇಲೇ ಇರುತ್ತೆ, ಚೆಲ್ಲಿದ್ದು ನೇರ ಅವರ ಕುಡಿಯೋ ನೀರಿಗೇ ಇಳಿಯೋದು.

ಊಟ

ಇಲ್ಲಿ ದುಡ್ಡು ಉಳಿಯುತ್ತೆ, ಬಾಯಿಗೆ ರುಚಿಯೂ ಸಿಗುತ್ತೆ. ಕಡಲು ಕಾಣೋ ಕಡೆ ಮೆನು ಕಾರ್ಡ್ ಇಟ್ಟಿರೋ ಹೋಟೆಲು ಬಿಟ್ಟು ಬಸ್ ಸ್ಟ್ಯಾಂಡ್ ಹಿಂದೆ, ಕೋರ್ಟ್ ಹತ್ರ, ಮೀನು ಮಾರ್ಕೆಟ್ ಹತ್ರ ಇರೋ ಊಟದ ಹೋಟೆಲಿಗೆ ಹೋಗಿ. ಮಧ್ಯಾಹ್ನ ಹನ್ನೆರಡೂವರೆಗೇ ಹೋದ್ರೆ ಕುಚ್ಚಲಕ್ಕಿ ಅನ್ನ, ಮೀನ್ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಬಂಗುಡೆ ಫ್ರೈ ಬೇಕಾದ್ರೆ ಬೇರೆ. ಎರಡು ಗಂಟೆ ಆದ್ಮೇಲೆ ಒಳ್ಳೇ ಮೀನು ಖಾಲಿ. ಅಂಜಲ್, ಪಾಂಫ್ರೆಟ್ ಕೇಳೋರು ಬಿಲ್ ನೋಡಿ ಬೆಚ್ಚಿ ಬೀಳ್ತಾರೆ, ಬೂತಾಯಿ, ಬಂಗುಡೆ ತಿನ್ನಿ, ಕಮ್ಮಿ ರೇಟು, ಇಲ್ಲಿನವರು ಮನೇಲಿ ದಿನಾ ತಿನ್ನೋದೂ ಅದೇ. ಉತ್ತರ ಕನ್ನಡಕ್ಕೆ ಹೋದ್ರೆ ಬೂತಾಯಿಗೆ ತಾರ್ಲೆ ಅಂತಾರೆ.

ಬೆಳಗ್ಗೆಗೆ ಮಂಗಳೂರು ಉಡುಪಿ ಕಡೆ ಬನ್ಸು, ನೀರು ದೋಸೆ, ಸಜ್ಜಿಗೆ ಬಜಿಲು, ಸಂಜೆಗೆ ಗೋಳಿಬಜೆ. ಇಂದಿರಾ ಕ್ಯಾಂಟೀನ್ ಇರೋ ಊರಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಉಡುಪಿ ಕೃಷ್ಣಮಠ, ಕಟೀಲು, ಗೋಕರ್ಣ ಇಲ್ಲೆಲ್ಲ ಮಧ್ಯಾಹ್ನ ಊಟದ ಪ್ರಸಾದ ಇದೆ, ಯಾರನ್ನೂ ಏನೂ ಕೇಳಲ್ಲ, ಸಾಲಲ್ಲಿ ಕೂತು ಊಟ ಮಾಡಿ, ಏಳೋವಾಗ ಹುಂಡಿಗೆ ನಿಮ್ಮ ಕೈಲಾದಷ್ಟು ಹಾಕಿ. ಬಜೆಟ್ ಟ್ರಿಪ್ಪು ಅಂತ ಏಳು ದಿನಾನೂ ಅಲ್ಲೇ ಉಂಡು ಒಂದು ರೂಪಾಯಿ ಹಾಕ್ದೆ ಬರೋದು ನಂಗೆ ಸರಿ ಕಾಣಲ್ಲ.

ರಾತ್ರಿಗೆ ಗಂಜಿ. ಒಂದು ಸಣ್ಣ ಕುಕ್ಕರು, ಒಂದೇ ಬರ್ನರಿನ ಒಲೆ, ಪೆಟ್ರೋಲ್ ಬಂಕಲ್ಲೂ ಸಿಗೋ 5 ಕೆಜಿ ಸಿಲಿಂಡರ್ ಸಾಕು, ಮನೆಯ ದೊಡ್ಡ ಸಿಲಿಂಡರ್ ಗಾಡಿಗೆ ಏರಿಸಬೇಡಿ. ಒಲೆ ಯಾವಾಗ್ಲೂ ಹೊರಗೆ, ಗಾಳಿಗೆ ಬಾಗಿಲು ಮರೆ ಮಾಡ್ಕೊಂಡು, ಆಮೇಲೆ ರೆಗ್ಯುಲೇಟರ್ ಬಿಚ್ಚಿಡಿ. ಕುಚ್ಚಲಕ್ಕಿ ಬೇಯೋಕೆ ತುಂಬಾ ಹೊತ್ತು ಬೇಕು, ಗ್ಯಾಸ್ ಉಳಿಸೋಕೆ ಬೆಳಗ್ಗೆನೇ ನೆನೆ ಹಾಕಿಟ್ರೆ ಸಂಜೆ ಬೇಗ ಬೇಯುತ್ತೆ. ಗಂಜಿಗೆ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಮೊಸರು. ಅವಲಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ ಇಟ್ಕೊಂಡಿರಿ, ಮಳೆ ಬರ್ಲಿ ಹೋಟೆಲ್ ಮುಚ್ಚಿರ್ಲಿ ಹೊಟ್ಟೆ ತುಂಬುತ್ತೆ. ಒಣ ಮೀನು ಮನೆಗೆ ತಗೊಳ್ಳೋದಾದ್ರೆ ಕೊನೇ ದಿನ ತಗೊಳ್ಳಿ, ಡಬ್ಬಿಯಲ್ಲಿ ಗಟ್ಟಿ ಮುಚ್ಚಿ.

ಇನ್ನೊಂದು, ಕಾಪು, ಹೆಜಮಾಡಿ, ಮಲ್ಪೆ ಕಡೆ ಬೆಳಗ್ಗೆ ಕೈರಂಪಣಿ ಎಳೀತಿದ್ರೆ ನಿಂತು ನೋಡಿ. ದಡದಿಂದ ಬಲೆ ಬಿಟ್ಟು ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆಯೋದು. ಕೇಳಿ ಕೈ ಹಾಕಿದ್ರೆ ಬೇಡ ಅನ್ನಲ್ಲ, ಮುಗಿದ್ಮೇಲೆ ಅಲ್ಲೇ ದುಡ್ಡು ಕೊಟ್ಟು ಒಂದು ಹೊತ್ತಿಗೆ ಆಗೋಷ್ಟು ಮೀನು ತಗೊಳ್ಳಿ, ಅದಕ್ಕಿಂತ ತಾಜಾ ಎಲ್ಲೂ ಸಿಗಲ್ಲ.

ರೂಟು

ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಕಾರಣ ಇದೆ, ನಾವು ಎಡಗಡೆ ಓಡ್ಸೋದು, ಉತ್ತರಕ್ಕೆ ಹೋಗೋವಾಗ ಕಡಲೂ ಎಡಗಡೆನೇ, ಹಾಗಾಗಿ ಬೀಚಿಗೆ ತಿರುಗೋಕೆ ಡಿವೈಡರ್ ದಾಟ್ಬೇಕಿಲ್ಲ, ಯೂ ಟರ್ನ್ ಹುಡುಕೋಕೆ ಎರಡೆರಡು ಕಿಲೋಮೀಟರ್ ಹೋಗ್ಬೇಕಿಲ್ಲ. ಆ ಹೈವೇಲಿ ಕ್ರಾಸ್ ಮಾಡೋದೇ ಅಪಾಯದ ಕೆಲಸ.

ಮೊದಲ ಎರಡು ರಾತ್ರಿ ಕಾಪು ಉಡುಪಿ ಸುತ್ತ. 1901ರ ಕಾಪು ದೀಪಸ್ತಂಭದ ಕೆಳಗೆ ಸಂಜೆ, ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್, ಅಲ್ಲಿನ ಕಂಬದಂಥ ಕಲ್ಲುಗಳನ್ನ ನೋಡೋಕೆ ಬೋಟಿನ ದುಡ್ಡು ಕೊಡೋದು ದಂಡ ಅಲ್ಲ. ಕೋಡಿ ಬೆಂಗ್ರೆಗೆ ಹೋಗಿ, ಒಂದು ಕಡೆ ಹೊಳೆ ಒಂದು ಕಡೆ ಕಡಲು, ರಸ್ತೆ ಕಿರಿದು, ದೊಡ್ಡ ಗಾಡಿ ಇಲ್ದೇ ಇರೋದು ಆಗ ಉಪಕಾರಕ್ಕೆ ಬರುತ್ತೆ.

ಆಮೇಲೆ ಕುಂದಾಪುರ, ಮರವಂತೆ, ಬೈಂದೂರು. ಮರವಂತೆಯಲ್ಲಿ ಹೈವೇ ಒಂದು ಪಕ್ಕ ಸೌಪರ್ಣಿಕಾ ಹೊಳೆ, ಇನ್ನೊಂದು ಪಕ್ಕ ಸಮುದ್ರ, ಆದ್ರೆ ರಸ್ತೆ ಬದಿಗೇ ಬ್ರೇಕ್ ಹಾಕಿ ಫೋಟೋ ತೆಗೆಯೋರಿಂದ ಅಲ್ಲಿ ಆಕ್ಸಿಡೆಂಟ್ ಆಗುತ್ತೆ, ಸ್ವಲ್ಪ ಮುಂದೆ ಜಾಗ ನೋಡಿ ನಿಲ್ಸಿ ನಡ್ಕೊಂಡು ಬನ್ನಿ. ಬೈಂದೂರಿನ ಒತ್ತಿನೆಣೆ, ಸೋಮೇಶ್ವರ ಬೀಚು ಸಂಜೆಗೆ ಚೆನ್ನಾಗಿದೆ. ನವೆಂಬರಿಂದ ಮೇವರೆಗೆ ಈ ಕಡೆ ಊರೂರಲ್ಲಿ ಯಕ್ಷಗಾನದ ಹರಕೆ ಬಯಲಾಟ, ಮಂದಾರ್ತಿ ಮೇಳನೋ ಕಟೀಲು ಮೇಳನೋ ಯಾವುದಾದ್ರೂ ಎಲ್ಲೋ ಒಂದು ಗದ್ದೆಯಲ್ಲಿ ಇದ್ದೇ ಇರುತ್ತೆ, ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಕೂರಬಹುದು, ಕೆಲವು ಕಾಲಮಿತಿ, ಕೆಲವು ಬೆಳಗಾಗೋವರೆಗೆ. ಟೀ ಅಂಗಡಿಯಲ್ಲಿ "ಇವತ್ತು ಆಟ ಎಲ್ಲಿ?" ಅಂತ ಕೇಳಿದ್ರೆ ಹೇಳ್ತಾರೆ. ಚೆಂಡೆ ಸದ್ದಿಗೆ ಹೇಗೂ ನಿದ್ದೆ ಬರಲ್ಲ, ಆ ರಾತ್ರಿ ಗಾಡಿ ಆಟದ ಗದ್ದೆ ಪಕ್ಕದಲ್ಲೇ ಇರ್ಲಿ, ಮಧ್ಯೆ ಚರುಮುರಿ ತಿಂತಾ ನೋಡಿ.

ಮೂರನೇದು ಹೊನ್ನಾವರ, ಕುಮಟಾ. ಕಾಸರಕೋಡು, ಅಪ್ಸರಕೊಂಡ, ಶರಾವತಿ ಹಿನ್ನೀರಲ್ಲಿ ದೋಣಿ. ಕುಮಟಾ ದಾಟಿದ್ರೆ ಅಘನಾಶಿನಿ ದಡದ ಮಿರ್ಜಾನ್ ಕೋಟೆ, ಹೈವೇಯಿಂದ ತುಂಬಾ ಹತ್ರ, ಬೆಳಗ್ಗೆ ಬೇಗ ಹೋದ್ರೆ ಬಿಸಿಲಿಲ್ಲ. ಕೊನೆಗೆ ಗೋಕರ್ಣ ಅಥವಾ ಕಾರವಾರ, ಎರಡರಲ್ಲಿ ಒಂದೇ. ಗೋಕರ್ಣದಲ್ಲಿ ಗಾಡಿ ಒಂದು ಕಡೆ ನಿಲ್ಸಿ ಕುಡ್ಲೆ, ಓಂ ಬೀಚಿಗೆ ಗುಡ್ಡದ ದಾರಿಯಲ್ಲಿ ನಡೆದು ಹೋಗಿ. ಜನ ಜಾಸ್ತಿ ಬೇಡ ಅನ್ನೋರು ಕಾರವಾರಕ್ಕೆ.

ಪೆಟ್ರೋಲ್ ಕೇರಳಕ್ಕಿಂತ ನಮ್ಮಲ್ಲಿ ಕಮ್ಮಿ, ನಮ್ಮಲ್ಲಿಗಿಂತ ಗೋವಾದಲ್ಲಿ ಕಮ್ಮಿ, ಗಡಿ ದಾಟೋ ಪ್ಲಾನ್ ಇದ್ರೆ ಹಾಗೆ ನೋಡ್ಕೊಂಡು ಟ್ಯಾಂಕ್ ತುಂಬ್ಸಿ. ಗೋವಾದಿಂದ ಮದ್ಯ ತರೋ ಯೋಚನೆ ಬೇಡ, ಮಾಜಾಳಿ ಚೆಕ್‌ಪೋಸ್ಟಲ್ಲಿ ತಪಾಸಣೆ ಇದೆ.

ಲೆಕ್ಕ

ಬೀಚು, ಒಳರಸ್ತೆ ಸೇರಿ 450 ಕಿಲೋಮೀಟರ್ ಅಂತ ಇಟ್ಕೊಂಡ್ರೆ, ಲೀಟರಿಗೆ 14 ಕೊಡೋ ಓಮ್ನಿಗೆ 32 ಲೀಟರ್, ಲೀಟರಿಗೆ ನೂರರ ಮೇಲೆ ಅಂದ್ರೆ ಮೂರೂಕಾಲು ಸಾವಿರದ ಹತ್ರ. ವಾಪಸ್ ಬರೋದು ಬೇರೆ. ಊಟ ತಿಂಡಿ ಇಬ್ರಿಗೆ ದಿನಕ್ಕೆ 500ರಿಂದ 600. ಒಂದೆರಡು ರಾತ್ರಿ ರೂಮು, ಅಂಗಳಕ್ಕೆ ಕೊಡೋದು, ಬೋಟು, ಪಾರ್ಕಿಂಗು ಎಲ್ಲಾ ಸೇರಿ ಮೂರರಿಂದ ನಾಲ್ಕು ಸಾವಿರ. ತಲಪಾಡಿ, ಹೆಜಮಾಡಿ, ಸಾಸ್ತಾನ, ಬೈಂದೂರು ಕಡೆಯ ಶಿರೂರು, ಕುಮಟಾ ಹತ್ರ ಹೊಳೆಗದ್ದೆ, ಅಂಕೋಲಾ ಹತ್ರ ಬೇಲೆಕೇರಿ, ಇಷ್ಟು ಟೋಲ್ ಬರುತ್ತೆ, ಫಾಸ್ಟ್ಯಾಗಲ್ಲಿ ಬ್ಯಾಲೆನ್ಸ್ ಇರ್ಲಿ. 2025ರ ಆಗಸ್ಟ್ 15ರಿಂದ ವೈಟ್ ಬೋರ್ಡ್ ಕಾರು ವ್ಯಾನಿಗೆ ವರ್ಷದ ಪಾಸ್ ಬಂದಿದೆ, ಶುರುವಾದಾಗ 3000 ರೂಪಾಯಿ ಇತ್ತು, 200 ಸಲ ಅಥವಾ ಒಂದು ವರ್ಷ. ಇದೊಂದೇ ಟ್ರಿಪ್ಪಿಗೆ ಅಂತ ತಗೊಂಡ್ರೆ ನಷ್ಟ, ಬೆಂಗಳೂರಿಂದ ಊರಿಗೆ ಆಗಾಗ ಓಡಾಡೋರಿಗೆ ಲಾಭ.

ನೀರಿಗೆ ಇಳಿಯೋ ಮುಂಚೆ

ಲೈಫ್ ಗಾರ್ಡ್ ಇರೋ ಕಡೆ, ಅವರಿರೋ ಹೊತ್ತಲ್ಲಿ ಮಾತ್ರ ಇಳಿಯಿರಿ. ಅಲೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣೋ ಪಟ್ಟಿ ಇರುತ್ತಲ್ಲ, ಈಜೋಕೆ ಒಳ್ಳೇ ಜಾಗ ಅಂತ ಅನ್ಸೋದು ಅದೇ, ಸೆಳೆತ ಇರೋದೂ ಅಲ್ಲೇ. ಸಿಕ್ಕಿಬಿದ್ರೆ ದಡಕ್ಕೆ ನೇರ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು ಆಮೇಲೆ ದಡಕ್ಕೆ ಬನ್ನಿ. ಅಳಿವೆ ಬಾಯಲ್ಲಿ, ಅಂದ್ರೆ ಹೊಳೆ ಸಮುದ್ರ ಸೇರೋ ಕಡೆ, ಮೊಣಕಾಲು ನೀರಿಗೂ ಹೋಗ್ಬೇಡಿ.

ಚಳಿಗಾಲದಲ್ಲಿ ಕುಂದಾಪುರದ ಕೋಡಿ, ಹೊನ್ನಾವರದ ಟೊಂಕಾ, ಕಾರವಾರದ ಕಡೆ ಕಡಲಾಮೆ ರಾತ್ರಿ ಮೊಟ್ಟೆ ಇಡೋಕೆ ಬರುತ್ತೆ. ಅಂಥ ಕಡೆ ಹೆಡ್‌ಲೈಟ್, ಟಾರ್ಚ್ ಕಡಲಿನ ಕಡೆ ಬಿಡಬೇಡಿ, ಬೆಳಕು ಕಂಡ್ರೆ ಆಮೆ ವಾಪಸ್ ಹೋಗುತ್ತೆ, ಮರಿಗಳೂ ಬೆಳಕಿನ ಕಡೆಗೇ ಹೋಗಿ ದಾರಿ ತಪ್ತವೆ. ಬೀಚಲ್ಲಿ ಬೆಂಕಿ ಹಾಕೋದೂ ಬೇಡ.

ಫೋನಲ್ಲಿ ಈ ನಂಬರ್ ಸೇವ್ ಮಾಡಿಡಿ: ಪೊಲೀಸ್ 112, ಆಂಬುಲೆನ್ಸ್ 108, ಹೈವೇಲಿ ಗಾಡಿ ಕೆಟ್ರೆ 1033, ಕರಾವಳಿ ಕಾವಲು ಪೊಲೀಸ್ 1093.

ವಾಪಸ್ ಬಂದ್ಮೇಲೆ

ಮನೆಗೆ ಬಂದ ಮಾರನೇ ದಿನವೇ ವಾಟರ್ ಸರ್ವಿಸಿಗೆ ಬಿಟ್ಟು ಗಾಡಿ ಅಡಿಭಾಗ ಪೂರ್ತಿ ಸಿಹಿನೀರಲ್ಲಿ ತೊಳೆಸಿ, ಬಾಗಿಲಿನ ಹಳಿ, ವ್ಹೀಲ್ ಆರ್ಚ್ ಒಳಗೆ ಮರಳು ಕೂತಿರುತ್ತೆ, ಅಲ್ಲಿ ಕೈ ಹಾಕಿ ತೊಳೀರಿ ಅಂತ ಹೇಳಿ. ಒಣಗಿದ್ಮೇಲೆ ಹಳಿಗೆ, ಹಿಂಜಿಗೆ ಸ್ವಲ್ಪ ಗ್ರೀಸ್. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡ್ರೆ ಬಿಸಿನೀರು ಹಾಕಿ ತೊಳೆದು ವ್ಯಾಸಲಿನ್ ಹಚ್ಚಿ. ಹಾಸಿಗೆ, ಪ್ಲೈವುಡ್ ಪೆಟ್ಟಿಗೆ ಎರಡೂ ಹೊರಗೆ ತೆಗೆದು ಎರಡು ದಿನ ಒಳ್ಳೇ ಬಿಸಿಲಿಗೆ ಇಡಿ, ನೀರಿನ ಕ್ಯಾನ್ ಖಾಲಿ ಮಾಡಿ ಮುಚ್ಚಳ ತೆಗೆದು ಬೋರಲು ಹಾಕಿ. ಲಿಥಿಯಂ ಬ್ಯಾಟರಿಯನ್ನ ಪೂರ್ತಿ ಖಾಲಿ ಬಿಡ್ದೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಚಾರ್ಜಲ್ಲಿ ಇಟ್ಟು ವೈರ್ ಬಿಚ್ಚಿಡಿ.